ಓಡುವ ಗೆರೆಗಳೂ ಗ್ಲಾಕೋಮವೂ: ಮೆದುಳನ್ನೇ ಕೇಳುವ ಕಣ್ಣಿನ ಪರೀಕ್ಷೆ



ಒಂದೇ ಕಾಯಿಲೆ, ಊರಿಗೊಂದು ಹೆಸರು. ಮುಂಬೈ, ಪುಣೆಯಲ್ಲಿ ಇರುವವರು ಇದನ್ನು ಕಾಚಬಿಂದು ಎಂದು ಕೇಳಿರುತ್ತೀರಿ. ದೆಹಲಿಯಲ್ಲಿ ಕಾಲಾ ಮೋತಿಯಾ. ಹೈದರಾಬಾದಿನಲ್ಲಿ ನೀಟಿ ಕಾಸುಲು. ಚೆನ್ನೈನ ಆಸ್ಪತ್ರೆ ಗೋಡೆಯ ಮೇಲೆ 'ಕಣ್ ನೀರ್ ಅಳುತ್ತ ನೋಯ್' ಎಂದಿರುತ್ತದೆ. ಅದನ್ನು ಕಿವಿಯಲ್ಲಿ ಕೇಳಿದ ಕನ್ನಡಿಗರು ಇದೇನೋ ಅಳುವ ಕಣ್ಣಿನ ಕಾಯಿಲೆ ಅಂದುಕೊಂಡರೆ ತಪ್ಪೇನಿಲ್ಲ ಬಿಡಿ. ಆದರೆ ಅಲ್ಲಿ 'ಅಳುತ್ತ' ಅಂದರೆ ಒತ್ತಡ. ನಮ್ಮ ಕನ್ನಡದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಇಂಗ್ಲಿಷಿನ ಗ್ಲಾಕೋಮ ಎಂಬ ಹೆಸರೇ.

ಹೆಸರಿನ ವಿಷಯ ಮೊದಲಿಗೇ ಎತ್ತಿದ್ದಕ್ಕೆ ಕಾರಣವಿದೆ. ಮೋತಿಬಿಂದು, ಕಾಚಬಿಂದು, ಮೋತಿಯಾ, ಕಾಲಾ ಮೋತಿಯಾ. ಕೇಳಲು ಅಕ್ಕತಂಗಿಯರಂತೆ ಇವೆ. ಮನೆಯ ಹಿರಿಯರು "ಕಣ್ಣಿಗೆ ಪೊರೆ ಬಂದಿದೆಯಂತೆ, ಮಾಗಲಿ, ಆಮೇಲೆ ತೆಗೆಸೋಣ" ಎಂದು ವರ್ಷಗಟ್ಟಲೆ ಕಾಯುವುದುಂಟು. ಅದು ನಿಜವಾಗಿಯೂ ಪೊರೆಯಾಗಿದ್ದರೆ ಕಾದರೂ ನಡೆಯುತ್ತದೆ. ಮಸೂರ ಬದಲಾಯಿಸಿದರೆ ದೃಷ್ಟಿ ಮರಳುತ್ತದೆ. ಗ್ಲಾಕೋಮದಲ್ಲಿ ಹೋದದ್ದು ಹೋಯಿತು. ಹನಿ ಔಷಧಿ, ಲೇಸರ್, ಶಸ್ತ್ರಚಿಕಿತ್ಸೆ ಎಲ್ಲ ಇವೆ, ಆದರೆ ಅವೆಲ್ಲ ಉಳಿದಿರುವುದನ್ನು ಕಾಯುತ್ತವೆಯೇ ಹೊರತು ಕಳೆದದ್ದನ್ನು ತಂದುಕೊಡುವುದಿಲ್ಲ. ಹಾಗಾಗಿ ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದೇ: ಎಷ್ಟು ಬೇಗ ಗೊತ್ತಾಗುತ್ತದೆ?

ಬೇಗ ಗೊತ್ತಾಗುವುದಿಲ್ಲ ಎನ್ನುವುದೇ ತೊಂದರೆ. ನೀವಿರುವ ಊರುಗಳಲ್ಲೇ ಇದರ ಲೆಕ್ಕ ಹಾಕಿದ್ದಾರೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ 1996ರಿಂದ 2000ದವರೆಗೆ ಆಂಧ್ರದಲ್ಲಿ ಸಮೀಕ್ಷೆ ನಡೆಸಿತು. ಅದಾದ ಮೇಲೆ ಚೆನ್ನೈನ ಶಂಕರ ನೇತ್ರಾಲಯ ಅಲ್ಲಿನ ನಗರದಲ್ಲೂ ಹಳ್ಳಿಗಳಲ್ಲೂ ಅಂಥದೇ ಕೆಲಸ ಮಾಡಿತು. ಎರಡರಲ್ಲೂ ಕಂಡ ಸಂಗತಿ ಒಂದೇ ತೆರನಾದದ್ದು. ಸಾಮಾನ್ಯ ಬಗೆಯ ಗ್ಲಾಕೋಮ ಇದ್ದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಗೆ, ಸಮೀಕ್ಷೆಯವರು ಬಂದು ಹೇಳುವವರೆಗೂ, ತಮಗೆ ಅದು ಇದೆ ಎನ್ನುವುದೇ ಗೊತ್ತಿರಲಿಲ್ಲ. ಇವರೆಲ್ಲ ಆಸ್ಪತ್ರೆಯೇ ಇಲ್ಲದ ಕಾಡಿನ ಜನವಲ್ಲ. ಚೆನ್ನೈ ನಗರದ ಪಟ್ಟಿಯಲ್ಲಿದ್ದವರು ದೇಶದ ಹೆಸರಾಂತ ಕಣ್ಣಿನ ಆಸ್ಪತ್ರೆಗಳಿಂದ ಒಂದು ಬಸ್ಸಿನ ದೂರದಲ್ಲಿ ಇದ್ದವರು!

ಯಾಕೆ ಗೊತ್ತಾಗುವುದಿಲ್ಲ? ಒಂದು ಸಣ್ಣ ಆಟ ಆಡಿ ನೋಡಿ. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳುಗಳನ್ನು ಮೇಲಕ್ಕೆ ಎತ್ತಿ ಅಕ್ಕಪಕ್ಕ ಇಟ್ಟುಕೊಳ್ಳಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ದಿಟ್ಟಿಸುತ್ತಾ, ಬಲ ಹೆಬ್ಬೆರಳನ್ನು ನಿಧಾನವಾಗಿ ಬಲಕ್ಕೆ ಸರಿಸಿ. ಒಂದು ಗೇಣಿಗೆ ಸ್ವಲ್ಪ ಕಡಿಮೆ ದೂರ ಹೋಗುತ್ತಿದ್ದಂತೆ ಆ ಬೆರಳಿನ ತುದಿ ಮಾಯ! ನರವು ಕಣ್ಣಿನಿಂದ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಗ್ರಹಿಸುವ ಕೋಶಗಳಿಲ್ಲ, ಅದಕ್ಕೇ ಈ ತೂತು. ನಮಗೆ ಹುಟ್ಟಿದಾಗಿನಿಂದ ಎರಡೂ ಕಣ್ಣಿನಲ್ಲಿ ಇದು ಇದೆ. ಎಂದಾದರೂ ಕಪ್ಪು ಚುಕ್ಕೆಯಾಗಿ ಕಂಡಿದೆಯೇ? ಇಲ್ಲ. ಸುತ್ತಲಿನ ಗೋಡೆಯನ್ನೋ ಪರದೆಯನ್ನೋ ಎಳೆದು ಮೆದುಳು ಆ ತೂತಿಗೆ ತೇಪೆ ಹಾಕಿಬಿಡುತ್ತದೆ. ಗ್ಲಾಕೋಮದಲ್ಲಿ ಹೊಸ ತೂತುಗಳು ಬಿದ್ದಾಗಲೂ ಮೆದುಳು ಇದೇ ದರ್ಜಿ ಕೆಲಸ ಮುಂದುವರಿಸುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ. ಪೇಪರ್ ಓದಲು ಅಡ್ಡಿಯಿಲ್ಲ, ಟಿ.ವಿ. ಕಾಣುತ್ತದೆ, ಕನ್ನಡಕದ ಅಂಗಡಿಯ ಅಕ್ಷರದ ಬೋರ್ಡು ಕೊನೆಯ ಸಾಲಿನವರೆಗೂ ಸಲೀಸು. ಮೆಟ್ಟಿಲು ಎಡವುವುದು, ಪ್ಲಾಟ್‌ಫಾರಂನಲ್ಲಿ ಪಕ್ಕದಿಂದ ಬಂದವರಿಗೆ ಡಿಕ್ಕಿ ಹೊಡೆಯುವುದು ಶುರುವಾದಾಗ ವಯಸ್ಸಾಯಿತು ಅಂದುಕೊಳ್ಳುತ್ತಾರೆ.

ನರದ ಕಡೆಯಿಂದ ನೋಡೋಣ. ಒಂದೊಂದು ಕಣ್ಣಿನಿಂದ ಮೆದುಳಿಗೆ ಸುಮಾರು 10ರಿಂದ 12 ಲಕ್ಷ ಎಳೆಗಳ ಒಂದು ಕೇಬಲ್ ಹೋಗುತ್ತದೆ. ಅಕ್ಷಿಪಟಲದಲ್ಲಿರುವ ಗ್ಯಾಂಗ್ಲಿಯನ್ ಕೋಶಗಳ ಬಾಲಗಳೇ ಆ ಎಳೆಗಳು. ಗ್ಲಾಕೋಮ ಅಂದರೆ ಈ ಎಳೆಗಳು ಒಂದೊಂದಾಗಿ ಸಾಯುವುದು. ಕಣ್ಣಿನೊಳಗಿನ ದ್ರವದ ಒತ್ತಡ ಹೆಚ್ಚಾಗುವುದು ಇದಕ್ಕೆ ದೊಡ್ಡ ಕಾರಣ, ಆದರೆ ಅದೊಂದೇ ಅಲ್ಲ. 21 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ ಇದ್ದರೆ ಒತ್ತಡ ಸರಿಯಾಗಿದೆ ಅನ್ನುವುದು ವಾಡಿಕೆ. ನಮ್ಮ ದೇಶದ ಸಮೀಕ್ಷೆಗಳಲ್ಲಿ ಸಿಕ್ಕ ರೋಗಿಗಳಲ್ಲಿ ಒಳ್ಳೆಯ ಪಾಲು ಮಂದಿಯ ಒತ್ತಡ ಆ ಗೆರೆಯ ಒಳಗೇ ಇತ್ತು. ಕ್ಯಾಂಪಿನಲ್ಲಿ "ಪ್ರೆಶರ್ ನಾರ್ಮಲ್" ಅಂದರು ಎಂದು ನಿಶ್ಚಿಂತೆಯಾಗಿ ಇರುವವರು ಈ ಮಾತನ್ನು ಗಮನಿಸಬೇಕು.

ಒತ್ತಡ ಅಳೆಯುವುದರ ಜೊತೆಗೆ ವೈದ್ಯರು ಪಾಪೆ ಹಿಗ್ಗಿಸಿ ನರದ ತಲೆಯನ್ನು ನೋಡುತ್ತಾರೆ. ಓಸಿಟಿ ಎಂಬ ಯಂತ್ರದಿಂದ ನರದ ಪದರ ಎಷ್ಟು ದಪ್ಪವಿದೆ ಎಂದು ಅಳೆಯುತ್ತಾರೆ. ಇವೆರಡೂ ನರ ಹೇಗೆ ಕಾಣುತ್ತಿದೆ ಎಂದು ಹೇಳುವ ಪರೀಕ್ಷೆಗಳು. ಕೆಲಸ ಹೇಗೆ ಮಾಡುತ್ತಿದೆ ಎಂದು ತಿಳಿಯಲು ಇರುವುದು ಫೀಲ್ಡ್ ಟೆಸ್ಟ್, ಅಂದರೆ ದೃಷ್ಟಿಕ್ಷೇತ್ರ ಪರೀಕ್ಷೆ. ಮಾಡಿಸಿಕೊಂಡವರಿಗೆ ಗೊತ್ತು ಅದರ ಕಷ್ಟ. ಒಂದು ಬಟ್ಟಲಿನಂಥ ಯಂತ್ರದೊಳಗೆ ಗದ್ದ ಇಟ್ಟು, ನಡುವಿನ ಬಿಂದುವನ್ನೇ ನೋಡುತ್ತಾ, ಎಲ್ಲೆಲ್ಲೋ ಮಿಣಕ್ಕೆನ್ನುವ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಕೆಲವು ಬೆಳಕು ಎಷ್ಟು ಮಂಕೆಂದರೆ ಕಂಡಿತೋ ಇಲ್ಲವೋ ಎಂದು ನಮಗೇ ಅನುಮಾನ. ಒಬ್ಬರು ಪರೀಕ್ಷೆಯಲ್ಲಿ ಫೇಲಾಗುವ ಭಯಕ್ಕೆ ಕಾಣದಿದ್ದರೂ ಒತ್ತುತ್ತಾರೆ. ಇನ್ನೊಬ್ಬರು ಪಕ್ಕಾ ಕಂಡರೆ ಮಾತ್ರ ಒತ್ತುತ್ತೇನೆ ಎಂದು ಕೂರುತ್ತಾರೆ. ಮತ್ತೊಬ್ಬರಿಗೆ ಕತ್ತಲ ಕೋಣೆಯಲ್ಲಿ ತೂಕಡಿಕೆ. ಮೊದಲ ಸಲ ಕೆಟ್ಟು ಬಂದ ಫಲಿತಾಂಶ ಎರಡನೇ ಸಲ ಸರಿಯಾಗುವುದು ಸಾಮಾನ್ಯ. ಹೇಗೆ ಮಾಡಬೇಕು ಎಂದು ಅಷ್ಟರಲ್ಲಿ ಕಲಿತಿರುತ್ತಾರೆ.

ಇಷ್ಟಾಗಿಯೂ ಅದು ಬೇಗ ಹೇಳುವುದಿಲ್ಲ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಹ್ಯಾರಿ ಕ್ವಿಗ್ಲಿ ಮತ್ತು ಸಂಗಡಿಗರು, ತೀರಿಕೊಂಡ ರೋಗಿಗಳ ಕಣ್ಣಿನಲ್ಲಿ ಉಳಿದಿದ್ದ ಕೋಶಗಳನ್ನು ಎಣಿಸಿ, ಅದೇ ವ್ಯಕ್ತಿ ಬದುಕಿದ್ದಾಗ ಮಾಡಿಸಿದ್ದ ಫೀಲ್ಡ್ ಟೆಸ್ಟಿನ ಜೊತೆ ತಾಳೆ ನೋಡಿದರು. 2000ದಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಪರೀಕ್ಷೆಯಲ್ಲಿ ದೋಷ ಖಚಿತವಾಗಿ ಕಾಣುವ ಹೊತ್ತಿಗೆ ನೂರರಲ್ಲಿ 25ರಿಂದ 35 ಕೋಶಗಳು ಆಗಲೇ ಹೋಗಿರುತ್ತವೆ. ಅಂದರೆ ಗುಂಡಿ ಒತ್ತುವ ಪರೀಕ್ಷೆ "ತೊಂದರೆ ಇದೆ" ಎನ್ನುವಷ್ಟರಲ್ಲಿ ಮನೆಯ ಕಾಲು ಭಾಗ ಖಾಲಿ.

ಇಲ್ಲಿ ವಿಜ್ಞಾನಿಗಳಿಗೆ ಎರಡು ಯೋಚನೆ ಬಂತು. ಒಂದು, ರೋಗಿಯ ಬಾಯನ್ನೂ ಬೆರಳನ್ನೂ ನಂಬುವ ಬದಲು ಮೆದುಳನ್ನೇ ನೇರವಾಗಿ ಕೇಳಿದರೆ? ಎರಡು, ಎಲ್ಲ ಕೋಶಗಳನ್ನೂ ಒಟ್ಟಿಗೆ ಕೇಳುವ ಬದಲು, ಕೊರತೆ ಬೇಗ ಬಯಲಾಗುವ ಕೋಶಗಳನ್ನು ಮಾತ್ರ ಹುಡುಕಿ ಕೇಳಿದರೆ?

ಮೊದಲನೆಯದರಿಂದ ಶುರು ಮಾಡೋಣ. ಮೆದುಳಿನ ವಿದ್ಯುತ್ತನ್ನು ತಲೆಯ ಮೇಲಿನಿಂದಲೇ ಹಿಡಿಯಬಹುದು ಎಂದು ತೋರಿಸಿದವರು ಜರ್ಮನಿಯ ಹಾನ್ಸ್ ಬರ್ಗರ್. 1924ರಲ್ಲಿ ಮೊದಲ ದಾಖಲೆ, 1929ರಲ್ಲಿ ಪ್ರಕಟಣೆ. ಅದೇ ಇಇಜಿ. ಆದರೆ ಕಣ್ಣಿಗೆ ಏನೋ ತೋರಿಸಿದಾಗ ಏಳುವ ಅಲೆ ಬಹಳ ಸಣ್ಣದು, ಸುಮಾರು 10 ಮೈಕ್ರೋವೋಲ್ಟ್. ಸುತ್ತಲೂ ಮೆದುಳಿನ ಬೇರೆ ಗದ್ದಲ ಅದರ ಹಲವು ಪಟ್ಟು.

ರೇಡಿಯೋ ಕೇಳುಗರಾದ ನಿಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ದೂರದ ಊರಿನಲ್ಲಿ ಕೂತು, ರಾತ್ರಿ ಮೀಡಿಯಂ ವೇವ್‌ನಲ್ಲಿ ಧಾರವಾಡವನ್ನೋ ಬೆಂಗಳೂರನ್ನೋ ಹಿಡಿಯಲು ಮುಳ್ಳು ತಿರುಗಿಸಿದವರಿಗೆ ಆ 'ಸುರ್ರ್' ಸದ್ದು ಗೊತ್ತೇ ಇದೆ. ಹಾಡು ಇದೆ, ಆದರೆ ಗದ್ದಲದ ಅಡಿಯಲ್ಲಿದೆ. ಅದೇ ಹಾಡನ್ನು 64 ಸಲ ರೆಕಾರ್ಡ್ ಮಾಡಿ, ಸರಿಯಾಗಿ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ ಏನಾಗುತ್ತದೆ? ಹಾಡು ಪ್ರತಿ ಸಲವೂ ಒಂದೇ ಥರ, ಹಾಗೇ ಉಳಿಯುತ್ತದೆ. ಗದ್ದಲ ಒಂದೊಂದು ಸಲ ಒಂದೊಂದು ಥರ, ಒಂದನ್ನೊಂದು ಹೊಡೆದುಹಾಕಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. 1950ರ ದಶಕದ ಮೊದಲಿಗೆ ಲಂಡನ್ನಿನ ಜಾರ್ಜ್ ಡಾಸನ್ ಈ ಸರಾಸರಿಯ ಉಪಾಯವನ್ನು ಮೆದುಳಿನ ಅಲೆಗಳಿಗೆ ಬಳಸಿದರು. 1972ರಲ್ಲಿ ಅದೇ ಲಂಡನ್ನಿನಲ್ಲಿ ಹ್ಯಾಲಿಡೇ ಮತ್ತು ಜೊತೆಗಾರರು, ಚದುರಂಗದ ಹಾಸಿನಂಥ ಕಪ್ಪು ಬಿಳುಪು ಚೌಕಗಳನ್ನು ಅದಲುಬದಲು ಮಾಡುತ್ತಾ ತೋರಿಸಿ, ನೇತ್ರನರದ ಉರಿಯೂತ ಇದ್ದವರಲ್ಲಿ ಮೆದುಳಿನ ಅಲೆ ತಡವಾಗಿ ಬರುತ್ತದೆ ಎಂದು ತೋರಿಸಿಕೊಟ್ಟರು. ಆರೋಗ್ಯವಂತರಲ್ಲಿ ಚೌಕ ಬದಲಾದ ಸುಮಾರು 100 ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ, ತಲೆಯ ಹಿಂಭಾಗದಲ್ಲಿ ಅಲೆ ಏಳುತ್ತದೆ. ಈ ಪರೀಕ್ಷೆಗೆ ವಿಇಪಿ ಎಂದು ಹೆಸರು. ದೊಡ್ಡ ಆಸ್ಪತ್ರೆಗಳಲ್ಲಿ ಇದು ದಿನನಿತ್ಯ ನಡೆಯುತ್ತದೆ.

ಹಾಗಾದರೆ ಅದನ್ನೇ ಗ್ಲಾಕೋಮಕ್ಕೂ ಬಳಸಬಹುದಲ್ಲ? ಬಳಸಿದರು. ಆದರೆ ಆರಂಭದ ಹಂತದಲ್ಲಿ ಅದು ಅಷ್ಟಾಗಿ ಕೈಹಿಡಿಯಲಿಲ್ಲ. ಮೆದುಳಿನ ಹಿಂಭಾಗದ ದೃಷ್ಟಿ ಪ್ರದೇಶದಲ್ಲಿ ನಾವು ನೇರವಾಗಿ ನೋಡುವ ನಡುವಿನ ಚೂರು ಜಾಗಕ್ಕೇ ಸಿಂಹಪಾಲು ಮೀಸಲು. ಚೌಕಗಳ ಅಲೆಯೂ ಹೆಚ್ಚಾಗಿ ಆ ನಡುವಿನದೇ ಮಾತು. ಗ್ಲಾಕೋಮ ಸಾಮಾನ್ಯವಾಗಿ ನಡುವನ್ನು ಕೊನೆಗೆ ಉಳಿಸಿ, ಸುತ್ತಲಿಂದ ತಿನ್ನುತ್ತಾ ಬರುತ್ತದೆ. ಊರಿನ ಅಂಚಿನ ಬಡಾವಣೆಯಲ್ಲಿ ಕರೆಂಟು ಹೋಗಿರುವಾಗ ಮುಖ್ಯ ಬೀದಿಯವರನ್ನು ಕೇಳಿದಂತಾಯಿತು.

ಇಲ್ಲಿಗೆ ಎರಡನೇ ಯೋಚನೆ ಬರುತ್ತದೆ, ಅದೇ ಈ ಲೇಖನದ ಮುಖ್ಯ ವಿಷಯ. ಮುಂಬೈನವರು ಲೋಕಲ್ ಟ್ರೈನನ್ನು ನೆನೆಸಿಕೊಳ್ಳಿ, ಉಳಿದವರು ಕೇಳಿದ್ದನ್ನು. ಸ್ಲೋ ಲೋಕಲ್ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಫಾಸ್ಟ್ ಲೋಕಲ್ ಸಣ್ಣಪುಟ್ಟ ಸ್ಟೇಷನ್ ಬಿಟ್ಟು ದಾದರ್, ಕುರ್ಲಾ, ಠಾಣೆ ಎಂದು ಹಾರುತ್ತದೆ. ನಮ್ಮ ನೇತ್ರನರದಲ್ಲೂ ಹೀಗೇ ಎರಡು ದೊಡ್ಡ ದಾರಿಗಳಿವೆ. ನೂರರಲ್ಲಿ ಸುಮಾರು 80 ಎಳೆಗಳು ಸಣ್ಣ ಕೋಶಗಳವು. ಅಕ್ಷರ, ಬಣ್ಣ, ಸೂಕ್ಷ್ಮ ವಿವರ ಎಲ್ಲ ಇವುಗಳ ಪಾಲು. ಇವನ್ನು ಪಾರ್ವೋ ದಾರಿ ಅನ್ನುತ್ತಾರೆ. ಸುಮಾರು 10 ಎಳೆಗಳು ದೊಡ್ಡ ಕೋಶಗಳವು, ಮ್ಯಾಗ್ನೋ ದಾರಿ. ಎಳೆ ದಪ್ಪ, ಸುದ್ದಿ ಬೇಗ. ಇವಕ್ಕೆ ಬಣ್ಣ ಬೇಡ, ಅಕ್ಷರ ಗೊತ್ತಿಲ್ಲ. ಆದರೆ ಮಬ್ಬು ಬೂದು ಬಣ್ಣದಲ್ಲೂ ಏನೋ ಅಲುಗಿದರೆ ಸಾಕು, ತಕ್ಷಣ ವರದಿ. ಉಳಿದ ಹತ್ತರಷ್ಟು ಬೇರೆ ಬಗೆಯವು, ಅವನ್ನು ಇಲ್ಲಿಗೆ ಬಿಡೋಣ.

ಈಗ ಎರಡೂ ದಾರಿಯಲ್ಲಿ ಕಾಲು ಭಾಗ ರದ್ದಾಯಿತು ಎನ್ನಿ. 80 ಸ್ಲೋ ಗಾಡಿಗಳಲ್ಲಿ 20 ಹೋದರೆ ನೂಕುನುಗ್ಗಲು ಹೆಚ್ಚಾದೀತು, ಆದರೂ ಎರಡು ನಿಮಿಷಕ್ಕೆ ಇನ್ನೊಂದು ಬರುತ್ತದೆ. ಇರುವ 10 ಫಾಸ್ಟ್ ಗಾಡಿಗಳಲ್ಲಿ ಎರಡು ಮೂರು ಹೋದರೆ? ಪ್ಲಾಟ್‌ಫಾರಂ ತುಂಬಾ ಗಲಾಟೆ! ಕಡಿಮೆ ಇರುವವರಲ್ಲಿ ಕೊರತೆ ಬೇಗ ಬಯಲಾಗುತ್ತದೆ. ಸಾಲದ್ದಕ್ಕೆ 1980ರ ದಶಕದಲ್ಲಿ ಕ್ವಿಗ್ಲಿಯವರ ಬಳಗವೇ ಗ್ಲಾಕೋಮದಲ್ಲಿ ದಪ್ಪ ಎಳೆಗಳು ಹೆಚ್ಚು ಸಾಯುತ್ತವೆ ಎಂದು ಹೇಳಿತ್ತು. ಇದರ ಬಗ್ಗೆ ಜಗಳ ಮುಗಿದಿಲ್ಲ. ಕೋಶ ಸಾಯುವ ಮುಂಚೆ ಸೊರಗುತ್ತದೆ, ಸೊರಗಿದ ದಪ್ಪ ಎಳೆ ಸಣ್ಣದರಂತೆ ಕಾಣುತ್ತದೆ, ಹಾಗಾಗಿ ಲೆಕ್ಕವೇ ತಪ್ಪಿರಬಹುದು ಎನ್ನುವವರಿದ್ದಾರೆ. ನನ್ನ ಮಟ್ಟಿಗೆ, ಫಾಸ್ಟ್ ಗಾಡಿ ಮೊದಲು ಕೆಡುತ್ತದೋ ಅಥವಾ ಕೆಟ್ಟದ್ದು ಮೊದಲು ಗೊತ್ತಾಗುತ್ತದೋ ಎನ್ನುವ ವಾದ ಪ್ರಯೋಗಾಲಯದವರಿಗೆ ಇರಲಿ. ರೋಗಿಗೆ ಎರಡರ ಫಲವೂ ಒಂದೇ: ಚಲನೆಯನ್ನು ಕೇಳಿದರೆ ಬೇಗ ಉತ್ತರ ಸಿಗುವ ಸಾಧ್ಯತೆ ಇದೆ.

ಚಲನೆಗೆ ಮೆದುಳಿನಲ್ಲಿ ಪ್ರತ್ಯೇಕ ಜಾಗವೂ ಇದೆ. ದೃಷ್ಟಿ ಪ್ರದೇಶದ ಇಕ್ಕೆಲದಲ್ಲಿ, ಕಿವಿಯ ಹಿಂಭಾಗಕ್ಕೆ ಸ್ವಲ್ಪ ಮೇಲೆ. 1970ರ ದಶಕದಲ್ಲಿ ಲಂಡನ್ನಿನ ಸೆಮಿರ್ ಝೆಕಿ ಕೋತಿಗಳಲ್ಲಿ ಇದನ್ನು ವಿವರವಾಗಿ ಗುರುತಿಸಿದರು. ವಿ5 ಎಂದು ಅದರ ಹೆಸರು. ಇದು ಹೋದರೆ ಏನಾಗುತ್ತದೆ? 1983ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಜೋಸೆಫ್ ಝೀಲ್ ಮತ್ತು ಸಂಗಡಿಗರು ಒಬ್ಬ ಮಹಿಳೆಯ ಸ್ಥಿತಿಯನ್ನು ವರದಿ ಮಾಡಿದರು. ಮೆದುಳಿನ ಎರಡೂ ಪಕ್ಕದ ಆ ಭಾಗಕ್ಕೆ ಪೆಟ್ಟಾಗಿತ್ತು. ಬಣ್ಣ ಕಾಣುತ್ತಿತ್ತು, ಮುಖ ಕಾಣುತ್ತಿತ್ತು. ಚಲನೆ ಮಾತ್ರ ಕಾಣುತ್ತಿರಲಿಲ್ಲ! ಕಪ್ಪಿಗೆ ಚಹಾ ಬಗ್ಗಿಸಿದರೆ ಧಾರೆ ಹೆಪ್ಪುಗಟ್ಟಿದಂತೆ ನಿಂತಿರುತ್ತಿತ್ತು. ಎಲ್ಲಿಯವರೆಗೆ ತುಂಬಿತು ಎಂದು ತಿಳಿಯದೆ ಚೆಲ್ಲುತ್ತಿತ್ತು. ರಸ್ತೆ ದಾಟುವಾಗ ದೂರ ಕಂಡ ಕಾರು ಮರುಕ್ಷಣ ಪಕ್ಕದಲ್ಲೇ ಇರುತ್ತಿತ್ತು. ಗ್ಲಾಕೋಮ ಇದ್ದವರಿಗೆ ಹೀಗೆಲ್ಲ ಆಗುವುದಿಲ್ಲ, ಹೆದರಬೇಡಿ. ಚಲನೆಯನ್ನು ನೋಡುವುದು ಬೇರೆಯೇ ಒಂದು ಕೆಲಸ, ಅದನ್ನು ಬೇರೆಯಾಗಿಯೇ ಪರೀಕ್ಷಿಸಬಹುದು ಎನ್ನುವುದಕ್ಕೆ ಈ ಮಾತು.

1980ರ ದಶಕದಿಂದಲೇ ಆ ದಿಕ್ಕಿನಲ್ಲಿ ಪ್ರಯತ್ನ ನಡೆಯಿತು. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲಿ, ಪರದೆಯ ಮೇಲಿನ ಸಣ್ಣ ಗೆರೆ ಎಷ್ಟು ಸರಿದರೆ ರೋಗಿಗೆ ಗೊತ್ತಾಗುತ್ತದೆ ಎಂದು ಅಳೆದರು. 1990ರಲ್ಲಿ ಅಮೆರಿಕದಲ್ಲಿ, ಅಡ್ಡಾದಿಡ್ಡಿ ಓಡುವ ಚುಕ್ಕಿಗಳ ನಡುವೆ ಎಷ್ಟು ಚುಕ್ಕಿಗಳು ಒಂದೇ ದಿಕ್ಕಿಗೆ ಹೋದರೆ ಕಂಡುಹಿಡಿಯುತ್ತಾರೆ ಎಂದು ಕೇಳಿದರು. ಗ್ಲಾಕೋಮ ಇದ್ದವರಿಗಷ್ಟೇ ಅಲ್ಲ, ಬರೀ ಒತ್ತಡ ಹೆಚ್ಚಿದ್ದು ಫೀಲ್ಡ್ ಟೆಸ್ಟ್ ಸರಿಯಿದ್ದ ಕೆಲವರಿಗೂ ಹೆಚ್ಚು ಚುಕ್ಕಿಗಳು ಬೇಕಾದವು. ಆದರೆ ಇವೆರಡರಲ್ಲೂ ಮತ್ತದೇ ಗುಂಡಿ, ಮತ್ತದೇ ಬಾಯಿಮಾತು.

ಎರಡು ಯೋಚನೆಗಳೂ ಒಂದಾದದ್ದು ಪ್ರಾಗ್‌ನಿಂದ ಸುಮಾರು 100 ಕಿಲೋಮೀಟರ್ ಪೂರ್ವಕ್ಕಿರುವ ಹ್ರಾಡೆಟ್ಸ್ ಕ್ರಾಲೊವೆ ಎಂಬ ಜೆಕ್ ಊರಿನಲ್ಲಿ. ಅಲ್ಲಿನ ಚಾರ್ಲ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಮಿರೊಸ್ಲಾವ್ ಕೂಬಾ ಮತ್ತು ಝುಝಾನಾ ಕೂಬೊವಾ ಅವರು, ನಿಂತ ಚಿತ್ರ ಓಡಲು ಶುರುವಾದ ಕ್ಷಣಕ್ಕೆ ಮೆದುಳು ಕೊಡುವ ಉತ್ತರವನ್ನು ವರ್ಷಗಟ್ಟಲೆ ಅಳೆದರು. ಅದನ್ನು ಬಳಸಿದರೆ ಗ್ಲಾಕೋಮದ ಪತ್ತೆ ಉತ್ತಮವಾಗುತ್ತದೆ ಎಂಬ ಅವರ ಪ್ರಬಂಧ 1996ರಲ್ಲಿ ಬಂತು. ಚೌಕಗಳ ಅಲೆ ಸರಿಯಾಗಿದ್ದ ಕೆಲವು ರೋಗಿಗಳಲ್ಲೂ ಚಲನೆಯ ಅಲೆ ಕೆಟ್ಟಿತ್ತು. 2000ದಲ್ಲಿ ಜರ್ಮನಿಯ ಕೋರ್ಟ್ ಮತ್ತು ಸಂಗಡಿಗರೂ ಗ್ಲಾಕೋಮದಲ್ಲಿ ಚಲನೆಯ ಅಲೆಗಳ ಬಗ್ಗೆ ವರದಿ ಮಾಡಿದರು.

ಪರೀಕ್ಷೆ ಹೇಗಿರುತ್ತದೆ? ರೋಗಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಕನ್ನಡಕ ಇದ್ದರೆ ಹಾಕಿಕೊಂಡೇ ಕೂರಬೇಕು. ತಲೆಯ ಹಿಂಭಾಗದ ನಡುವೆ ಒಂದು, ಅದರ ಎರಡೂ ಪಕ್ಕಕ್ಕೆ ಒಂದೊಂದು ಪುಟ್ಟ ಲೋಹದ ಬಿಲ್ಲೆಯನ್ನು ಪೇಸ್ಟ್ ಹಚ್ಚಿ ಅಂಟಿಸುತ್ತಾರೆ. ಕರೆಂಟು ಒಳಗೆ ಹೋಗುವುದಿಲ್ಲ, ಒಳಗಿನದು ಹೊರಗೆ ಬರುತ್ತದೆ ಅಷ್ಟೇ. ಮನೆಗೆ ಹೋಗಿ ತಲೆ ತೊಳೆದುಕೊಳ್ಳಬೇಕಾದೀತು. ಒಂದು ಕಣ್ಣು ಮುಚ್ಚಿ, ಪರದೆಯ ನಡುವಿನ ಬಿಂದುವನ್ನು ನೋಡುತ್ತಿರಬೇಕು. ಸುತ್ತಲೂ ಮಬ್ಬು ಬೂದು ಬಣ್ಣದ ಉಂಗುರಗಳೋ ಗೆರೆಗಳೋ ನಿಂತಿರುತ್ತವೆ. ಬೇಕೆಂದೇ ಮಬ್ಬು ಮಾಡಿರುತ್ತಾರೆ, ಏಕೆಂದರೆ ಕಪ್ಪು ಬಿಳುಪು ಗಾಢವಾದರೆ ಸ್ಲೋ ಗಾಡಿಗಳೂ ಎದ್ದುಬಿಡುತ್ತವೆ. ಇದ್ದಕ್ಕಿದ್ದಂತೆ ಉಂಗುರಗಳು ಹೊರಕ್ಕೆ ಹರಡುತ್ತವೆ, ಬರೀ 200 ಮಿಲಿಸೆಕೆಂಡ್. ಆಮೇಲೆ ಒಂದು ಸೆಕೆಂಡ್ ಸ್ತಬ್ಧ. ಮತ್ತೆ ಓಟ. ಏನೂ ಹೇಳಬೇಕಿಲ್ಲ, ಏನೂ ಒತ್ತಬೇಕಿಲ್ಲ. ನಿದ್ದೆ ಮಾತ್ರ ಮಾಡಬಾರದು, ತೂಕಡಿಸಿದರೆ ಅಲೆಯೂ ಕುಗ್ಗುತ್ತದೆ.

ಓಟಕ್ಕಿಂತ ವಿಶ್ರಾಂತಿ ಐದು ಪಟ್ಟು ಯಾಕೆ? ಜೋಗಕ್ಕೆ ಮಳೆಗಾಲದಲ್ಲಿ ಹೋದವರು ಇದನ್ನು ಮಾಡಿ ನೋಡಬಹುದು. ರಾಜಾ ಧಾರೆ ಬೀಳುವುದನ್ನೇ ಒಂದು ನಿಮಿಷ ಕಣ್ಣು ಅಲುಗಿಸದೆ ನೋಡಿ, ಆಮೇಲೆ ಪಕ್ಕದ ಬಂಡೆಯತ್ತ ದೃಷ್ಟಿ ಹೊರಳಿಸಿ. ಬಂಡೆ ಮೆಲ್ಲಗೆ ಮೇಲಕ್ಕೆ ಏರುತ್ತಿರುವಂತೆ ಕಾಣುತ್ತದೆ! 1834ರಲ್ಲಿ ರಾಬರ್ಟ್ ಆಡಮ್ಸ್ ಎಂಬವರು ಸ್ಕಾಟ್ಲೆಂಡಿನ ಒಂದು ಜಲಪಾತದ ಎದುರು ನಿಂತು ಇದೇ ಸೋಜಿಗವನ್ನು ಬರೆದಿಟ್ಟಿದ್ದಾರೆ. ಕೆಳಕ್ಕೆ ಹರಿಯುವುದನ್ನು ನೋಡುವ ಕೋಶಗಳು ದಣಿದಿರುತ್ತವೆ, ಮೇಲಕ್ಕೆ ನೋಡುವವು ತಾಜಾ ಇರುತ್ತವೆ, ಅದರ ಪರಿಣಾಮ ಇದು. ಪರೀಕ್ಷೆಯಲ್ಲೂ ಬಿಡುವು ಕೊಡದೆ ಓಡಿಸಿದರೆ ಚಲನೆಯ ಕೋಶಗಳು ದಣಿದು ಅಲೆ ಸಣ್ಣದಾಗುತ್ತದೆ. ಆಗ ಕಾಯಿಲೆ ಇಲ್ಲದವರೂ ರೋಗಿಗಳಂತೆ ಕಂಡಾರು.

ಆರೋಗ್ಯವಂತರಲ್ಲಿ ಓಟ ಶುರುವಾದ ಸುಮಾರು 160ರಿಂದ 200 ಮಿಲಿಸೆಕೆಂಡಿಗೆ ಒಂದು ಇಳಿ ಅಲೆ ಕಾಣುತ್ತದೆ. ಎನ್2 ಎಂದು ಅದರ ಗುರುತು. ಅದು ತಡವಾಯಿತೇ, ಚಿಕ್ಕದಾಯಿತೇ, ಒಂದು ಕಣ್ಣಿಗೂ ಇನ್ನೊಂದಕ್ಕೂ ವ್ಯತ್ಯಾಸವಿದೆಯೇ ಎಂದು ನೋಡುತ್ತಾರೆ. ದೃಷ್ಟಿಯ ಅಂಚಿನಿಂದ ಬರುವ ಚಲನೆಗೂ ಈ ಅಲೆ ಸ್ಪಂದಿಸುತ್ತದೆ. ಹಾಗಾಗಿ ಮುಖ್ಯ ಬೀದಿಯ ಜೊತೆ ಬಡಾವಣೆಯ ಸುದ್ದಿಯೂ ಸಿಗುತ್ತದೆ.

ಇಷ್ಟು ಒಳ್ಳೆಯದಾದರೆ ನಮ್ಮ ಬೀದಿಯ ಆಸ್ಪತ್ರೆಯಲ್ಲಿ ಯಾಕಿಲ್ಲ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ವಿಇಪಿಯ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಚಲನೆಯ ಪರೀಕ್ಷೆ ಇನ್ನೂ 'ವಿಶೇಷ' ಪಟ್ಟಿಯಲ್ಲೇ ಇದೆ, ದಿನನಿತ್ಯದ ಪಟ್ಟಿಗೆ ಬಂದಿಲ್ಲ. ಕಾರಣಗಳು ಗಟ್ಟಿಯಾಗಿವೆ. ಒಬ್ಬರ ಅಲೆಗೂ ಇನ್ನೊಬ್ಬರ ಅಲೆಗೂ ಆರೋಗ್ಯವಂತರಲ್ಲೇ ಬಹಳ ವ್ಯತ್ಯಾಸ. ವಯಸ್ಸಾದಂತೆ ಎಲ್ಲರ ಅಲೆಯೂ ತಡವಾಗುತ್ತದೆ. ಗ್ಲಾಕೋಮವೂ ವಯಸ್ಸಾದವರದೇ ಕಾಯಿಲೆ, ಹಾಗಾಗಿ ಪ್ರತಿ ಪ್ರಯೋಗಾಲಯವೂ ವಯಸ್ಸಿಗೆ ತಕ್ಕ ಅಳತೆಗೋಲು ಇಟ್ಟುಕೊಳ್ಳಬೇಕು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಚಲನೆಯ ಅಲೆ ಕೆಟ್ಟಿದೆ ಎಂದರೆ ಕಣ್ಣಿನಿಂದ ವಿ5ವರೆಗಿನ ದಾರಿಯಲ್ಲಿ ಎಲ್ಲೋ ಏನೋ ಕೆಟ್ಟಿದೆ ಎಂದರ್ಥ. ಅದು ಗ್ಲಾಕೋಮವೇ ಆಗಬೇಕಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ನರದ ಕಾಯಿಲೆಗಳಲ್ಲೂ ಹೀಗಾಗುತ್ತದೆ. ದಾದರ್‌ಗೆ ಗಾಡಿ ತಡವಾಗಿ ಬಂತು ಅಂದಮಾತ್ರಕ್ಕೆ ತೊಂದರೆ ಕಲ್ಯಾಣದಲ್ಲೇ ಆಗಿದೆ ಎನ್ನಲಾದೀತೇ?

ಸುಳ್ಳು ಗಂಟೆ ಬಾರಿಸುವುದೂ ಸಣ್ಣ ತಪ್ಪಲ್ಲ. ಗ್ಲಾಕೋಮ ಎಂದು ಹೇಳಿಬಿಟ್ಟರೆ ದಿನವೂ ಹನಿ, ಜೀವನಪರ್ಯಂತ ಖರ್ಚು, ಕಣ್ಣುರಿ, ಕುರುಡಾಗುವ ಭಯ. ಇಲ್ಲದವರಿಗೆ ಇದನ್ನು ಅಂಟಿಸುವಂತಿಲ್ಲ. ಆದ್ದರಿಂದ ಚಲನೆಯ ಅಲೆ ಒಬ್ಬನೇ ನಿಂತು ತೀರ್ಪು ಕೊಡುವ ನ್ಯಾಯಾಧೀಶನಲ್ಲ, ಸಾಕ್ಷಿ. ಒತ್ತಡ ಗಡಿಯಲ್ಲಿದೆ, ನರದ ತಲೆ ಅನುಮಾನಾಸ್ಪದ, ಫೀಲ್ಡ್ ಟೆಸ್ಟ್ ಒಂದು ಸಲ ಹಾಗೆ ಒಂದು ಸಲ ಹೀಗೆ. ಇಂಥ ಅತಂತ್ರದಲ್ಲಿರುವವರಿಗೆ ಆ ಸಾಕ್ಷಿಯ ಬೆಲೆ ಹೆಚ್ಚು. ಗುಂಡಿ ಒತ್ತಲು ಆಗದವರಿಗೆ ಇನ್ನೂ ಹೆಚ್ಚು. ಕೈ ನಡುಗುವವರು, ಪಾರ್ಶ್ವವಾಯು ಆದವರು, ಹೇಳಿದ್ದು ಅರ್ಥವಾಗದಷ್ಟು ವಯಸ್ಸಾದವರು ನಮ್ಮ ಮನೆಗಳಲ್ಲಿ ಕಡಿಮೆಯೇ? ಪರಭಾಷೆಯ ಊರಿನಲ್ಲಿ ಟೆಕ್ನೀಷಿಯನ್ ಹೇಳುವ ಸೂಚನೆ ತಿಳಿಯದೆ ತಪ್ಪು ತಪ್ಪಾಗಿ ಒತ್ತುವ ಅಜ್ಜಿಯರನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ. ಮೆದುಳಿನ ಅಲೆಗೆ ಭಾಷೆಯ ತೊಂದರೆ ಇಲ್ಲ.

ಮೆದುಳನ್ನೇ ಕೇಳುವ ದಾರಿಯಲ್ಲಿ ಯಂತ್ರಗಳೂ ಚಿಕ್ಕದಾಗುತ್ತಿವೆ. 2017ರಲ್ಲಿ ಅಮೆರಿಕದ ವಿಜ್ಞಾನಿಗಳು ತಲೆಗೆ ಹಾಕಿಕೊಳ್ಳುವ ಕನ್ನಡಕದಂಥ ಸಾಧನವೊಂದರ ಫಲಿತಾಂಶ ಪ್ರಕಟಿಸಿದರು. ಎನ್‌ಗಾಗಲ್ ಎಂದು ಅದರ ಹೆಸರು. ಪರದೆಯೂ ಬಿಲ್ಲೆಗಳೂ ಅದರಲ್ಲೇ ಇವೆ. ಅದರಲ್ಲಿ ಬಳಸಿದ್ದು ಓಡುವ ಗೆರೆಗಳಲ್ಲ, ಬೇರೆ ಬೇರೆ ವೇಗದಲ್ಲಿ ಮಿಣುಕುವ ಬೆಳಕಿನ ತುಣುಕುಗಳು. ಆದರೂ ಹಾದಿ ಒಂದೇ. ಬಿಲ್ಲೆ, ಪೇಸ್ಟ್, ಕತ್ತಲ ಕೋಣೆ ಬಿಟ್ಟು ಸಾಧನವನ್ನೇ ರೋಗಿ ಇರುವಲ್ಲಿಗೆ ಒಯ್ಯುವಂತಾದರೆ, ಮೇಲೆ ಹೇಳಿದ ನೂರರಲ್ಲಿ ತೊಂಬತ್ತು ಮಂದಿಯ ಲೆಕ್ಕ ಬದಲಾಗಬಹುದು.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಹಳೆಯ ಪರೀಕ್ಷೆಗಳೇ, ಅವು ಕಡಿಮೆಯವೇನಲ್ಲ. 40 ದಾಟಿದವರು ಕನ್ನಡಕದ ನಂಬರ್ ಬದಲಾಯಿಸಲು ಹೋದಾಗ ಅಂಗಡಿಯಲ್ಲೇ ಮುಗಿಸದೆ ಒಮ್ಮೆ ಕಣ್ಣಿನ ವೈದ್ಯರ ಬಳಿ ಹೋಗಿ, ನರವನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳಿ. ತಂದೆತಾಯಿಗೋ ಅಣ್ಣತಮ್ಮ ಅಕ್ಕತಂಗಿಗೋ ಗ್ಲಾಕೋಮ ಇದ್ದರೆ ನಿಮಗೆ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಅಂಥವರು 40ರವರೆಗೂ ಕಾಯಬೇಡಿ. ಊರಿನಲ್ಲಿರುವ ಅಪ್ಪನಿಗೆ ಗ್ಲಾಕೋಮ ಎಂದು ಫೋನಿನಲ್ಲಿ ಗೊತ್ತಾದರೆ, ಇಲ್ಲಿರುವ ಮಕ್ಕಳೂ ತೋರಿಸಿಕೊಳ್ಳಬೇಕು. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಲ್ಲಿ ಸ್ಟೀರಾಯ್ಡ್ ಹನಿ ಕೊಂಡು ತಿಂಗಳುಗಟ್ಟಲೆ ಹಾಕಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ವೈದ್ಯರಿಗೆ ಹೇಳಿ. ಅದರಿಂದಲೂ ಕಣ್ಣಿನ ಒತ್ತಡ ಏರುತ್ತದೆ. ಆಗಲೇ ಗ್ಲಾಕೋಮಕ್ಕೆ ಹನಿ ಹಾಕುತ್ತಿರುವವರು, ಏನೂ ತೊಂದರೆ ಕಾಣುತ್ತಿಲ್ಲವಲ್ಲ ಎಂದು ನಿಲ್ಲಿಸಬೇಡಿ. ತೊಂದರೆ ಕಾಣದೇ ಇರುವುದು ಈ ಕಾಯಿಲೆಯ ಸ್ವಭಾವ.

ಪರೀಕ್ಷೆಯ ದಿನ ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ ಅಕ್ಷರ ಮಬ್ಬು, ಬಿಸಿಲು ಚುಚ್ಚುತ್ತದೆ. ಸ್ಕೂಟರ್ ಮನೆಯಲ್ಲೇ ಬಿಟ್ಟು, ಒಂದು ಕಪ್ಪು ಕನ್ನಡಕ ಜೇಬಿಗೆ ಹಾಕಿಕೊಂಡು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಹಳೆಯ ಕನ್ನಡಕದ ಚೀಟಿ, ಹಿಂದಿನ ಫೀಲ್ಡ್ ಟೆಸ್ಟಿನ ಕಾಗದ ಇದ್ದರೆ ಅವನ್ನೂ ಒಯ್ಯಿರಿ. ಹಳೆಯದರ ಪಕ್ಕದಲ್ಲಿ ಇಟ್ಟು ನೋಡಿದರೆ ಮಾತ್ರ ಬದಲಾವಣೆ ವೈದ್ಯರಿಗೆ ತಿಳಿಯುತ್ತದೆ.